22 ನಿಮಿಷದ ನಗೆ, 87 ನಿಮಿಷದ ಕಥೆ

ಪ್ರಶ್ನೆ: ಕಾಲೇಜು ದಿನಗಳಲ್ಲಿ ಸ್ಟಾರ್ ವರ್ಲ್ಡ್ ವಾಹಿನಿಯಲ್ಲಿ ‘ದ ಸಿಂಪ್ಸನ್ಸ್’ ಸರಣಿಯನ್ನು ತಪ್ಪದೆ ನೋಡುತ್ತಿದ್ದವನು ನಾನು. ಇತ್ತೀಚೆಗೆ ಮಗಳ ಜೊತೆ ಕೂತು 2007ರ ‘ದ ಸಿಂಪ್ಸನ್ಸ್ ಮೂವಿ’ಯನ್ನು ಮತ್ತೊಮ್ಮೆ ನೋಡಿದೆ. ಇದು ಸಿನಿಮಾ ಅಲ್ಲ, ನಾಲ್ಕು ಕಂತುಗಳನ್ನು ಒಟ್ಟಿಗೆ ಹೊಲಿದದ್ದು ಎಂದು ಅವಳು ಹೇಳಿದಳು. ನನಗೆ ಹಾಗೆ ಅನ್ನಿಸಲಿಲ್ಲ, ಆದರೆ ಏಕೆ ಅನ್ನಿಸಲಿಲ್ಲ ಎಂದು ಹೇಳಲು ಬರಲಿಲ್ಲ. ಟಿ.ವಿ.ಯ ಹಾಸ್ಯ ಆನಿಮೇಷನ್ ಸರಣಿಯೊಂದು ಚಿತ್ರಮಂದಿರಕ್ಕೆ ಹೋಗುವಾಗ ನಿಜಕ್ಕೂ ಬದಲಾಗುವುದೇನು? ಅಷ್ಟು ಜನಪ್ರಿಯ ಸರಣಿ ಸಿನಿಮಾ ಆಗಲು 18 ವರ್ಷ ಏಕೆ ಬೇಕಾಯಿತು? ಎರಡನೆಯ ಚಿತ್ರವೂ ಬರಲಿದೆಯಂತೆ. ಅದರಿಂದ ಏನನ್ನು ನಿರೀಕ್ಷಿಸಬಹುದು?

ಉತ್ತರ: ನಿಮ್ಮ ಮಗಳ ಲೆಕ್ಕವನ್ನು ತಳ್ಳಿಹಾಕುವಂತಿಲ್ಲ. ಸರಣಿಯ ಒಂದು ಕಂತು ಜಾಹೀರಾತು ಬಿಟ್ಟರೆ ಸುಮಾರು 22 ನಿಮಿಷ, ಸಿನಿಮಾ 87 ನಿಮಿಷ. ಭಾಗಿಸಿ ನೋಡಿದರೆ ಹೆಚ್ಚುಕಡಿಮೆ ನಾಲ್ಕು ಕಂತು. ಈ ಆಕ್ಷೇಪಣೆ ಬಂದೇ ಬರುತ್ತದೆ ಎಂಬುದು ಚಿತ್ರ ಮಾಡಿದವರಿಗೂ ಗೊತ್ತಿತ್ತು. ಅದಕ್ಕೇ ಅವರು ಚಿತ್ರದ ಮೊದಲ ನಿಮಿಷಗಳಲ್ಲೇ ಕುಟುಂಬದ ಯಜಮಾನ ಹೋಮರ್ ಸಿಂಪ್ಸನ್‌ನನ್ನು ಒಂದು ಚಿತ್ರಮಂದಿರದಲ್ಲಿ ಕೂರಿಸಿ, ಮನೆಯಲ್ಲಿ ಪುಕ್ಕಟೆ ಸಿಗುವುದನ್ನು ಇಲ್ಲಿ ದುಡ್ಡು ಕೊಟ್ಟು ನೋಡುವವರು ಮೂರ್ಖರು ಎಂದು ಅವನ ಬಾಯಿಂದಲೇ ಕೂಗಿಸಿ, ಕೊನೆಗೆ ಅವನ ಬೆರಳನ್ನು ನೇರವಾಗಿ ನಮ್ಮ ಕಡೆಗೆ ತಿರುಗಿಸಿದರು. ಹೀಗೆ ತಮಾಷೆ ಮಾಡಿ ಆಕ್ಷೇಪಣೆಯ ಹಲ್ಲು ಕಿತ್ತರೇ ಹೊರತು, ಅದಕ್ಕೆ ಉತ್ತರ ಕೊಟ್ಟದ್ದು ಮುಂದೆ ಬರುವ ಒಂದು ದೃಶ್ಯದಲ್ಲಿ. ಆ ದೃಶ್ಯಕ್ಕೆ ಹೋಗುವ ಮೊದಲು ಸರಣಿ ಯಾವ ನಿಯಮದ ಮೇಲೆ ನಿಂತಿದೆ ಎಂಬುದನ್ನು ನೋಡಬೇಕು.

ತೆನಾಲಿ ರಾಮಕೃಷ್ಣನ ಕಥೆಗಳನ್ನು ನೆನಪು ಮಾಡಿಕೊಳ್ಳಿ. ಪ್ರತಿ ಕಥೆಯಲ್ಲೂ ರಾಜ ಸಿಟ್ಟಾಗುತ್ತಾನೆ, ಕೆಲವೊಮ್ಮೆ ತಲೆ ತೆಗೆಯುವ ಆಜ್ಞೆಯೂ ಹೊರಡುತ್ತದೆ, ಕೊನೆಗೆ ರಾಜ ನಗುತ್ತಾನೆ. ಮುಂದಿನ ಕಥೆ ಆರಂಭವಾಗುವಾಗ ಆ ಸಿಟ್ಟಾಗಲಿ ಆ ನಗುವಾಗಲಿ ಯಾರಿಗೂ ನೆನಪಿರುವುದಿಲ್ಲ. ‘ದ ಸಿಂಪ್ಸನ್ಸ್’ ಸರಣಿಯೂ ಹಾಗೆಯೇ. 1987ರ ಏಪ್ರಿಲ್‌ನಲ್ಲಿ ‘ದ ಟ್ರೇಸಿ ಉಲ್ಮನ್ ಶೋ’ ಎಂಬ ಕಾರ್ಯಕ್ರಮದ ನಡುವೆ ಬರುವ ಪುಟ್ಟ ತುಣುಕುಗಳಾಗಿ ಹುಟ್ಟಿ, 1989ರ ಡಿಸೆಂಬರ್‌ನಲ್ಲಿ ಫಾಕ್ಸ್ ವಾಹಿನಿಯಲ್ಲಿ ಸ್ವತಂತ್ರ ಸರಣಿಯಾದ ಅದರಲ್ಲಿ ಹೋಮರ್‌ನ ಮೂವರು ಮಕ್ಕಳ ಪೈಕಿ ಬಾರ್ಟ್‌ಗೆ ಅಂದಿನಿಂದ ಇಂದಿನವರೆಗೂ 10 ವರ್ಷ, ಲೀಸಾಗೆ 8, ಮ್ಯಾಗಿ ಇನ್ನೂ ಬಾಯಿಯಿಂದ ಚೀಪುವ ನಿಪ್ಪಲ್ಲು ಬಿಟ್ಟಿಲ್ಲ. ಹೋಮರ್ ಕೆಲಸ ಕಳೆದುಕೊಳ್ಳುತ್ತಾನೆ, ಮರುವಾರ ಅದೇ ಅಣುಸ್ಥಾವರದ ಅದೇ ಕುರ್ಚಿಯಲ್ಲಿ ತೂಕಡಿಸುತ್ತಿರುತ್ತಾನೆ. ಹೆಂಡತಿ ಮಾರ್ಜ್ ಅವನನ್ನು ಮನೆಯಿಂದ ಹೊರಹಾಕುತ್ತಾಳೆ, 22 ನಿಮಿಷ ಮುಗಿಯುವುದರೊಳಗೆ ಒಳಕ್ಕೆ ಕರೆದುಕೊಳ್ಳುತ್ತಾಳೆ. ಎಲ್ಲವೂ ಪೂರ್ವಸ್ಥಿತಿಗೆ ಮರಳುತ್ತದೆ ಎಂಬ ಭರವಸೆ ಇರುವುದರಿಂದಲೇ ನಾವು ಅಲ್ಲಿನ ಬೆಂಕಿ, ಸ್ಫೋಟ, ಕತ್ತು ಹಿಸುಕುವಿಕೆಗೆಲ್ಲ ನಿರಾತಂಕವಾಗಿ ನಗುತ್ತೇವೆ. ವಾರವಾರದ ಹಾಸ್ಯಕ್ಕೆ ಈ ಮರೆವು ಕೊರತೆಯಲ್ಲ, ಅದೇ ಅದರ ಬಂಡವಾಳ.

ಚಿತ್ರಮಂದಿರದಲ್ಲಿ ಕೂತ ಪ್ರೇಕ್ಷಕ ಬಯಸುವುದು ಇದರ ವಿರುದ್ಧವಾದುದನ್ನು. ಒಂದೂವರೆ ಗಂಟೆ ಕತ್ತಲಲ್ಲಿ ಕೂತವನಿಗೆ ಕಥೆಯಲ್ಲಿ ಯಾರೋ ಏನನ್ನೋ ನಿಜವಾಗಿ ಕಳೆದುಕೊಳ್ಳಬಹುದು ಎಂಬ ಅಳುಕು ಇರಬೇಕು, ಇಲ್ಲದಿದ್ದರೆ ಎಷ್ಟೇ ಒಳ್ಳೆಯ ನಗೆಚಟಾಕಿಗಳಿದ್ದರೂ ಮುಕ್ಕಾಲು ಗಂಟೆಗೆ ಮೈ ಭಾರವಾಗುತ್ತದೆ. ನಮ್ಮ ಯಕ್ಷಗಾನದವರಿಗೆ ಈ ಮಾತು ಹೊಸದಲ್ಲ. ಹಾಸ್ಯಗಾರ ರಂಗಕ್ಕೆ ಬಂದರೆ ನಿದ್ದೆ ಹೋದವರೂ ಎದ್ದು ಕೂರುತ್ತಾರೆ, ಆದರೆ ಇಡೀ ರಾತ್ರಿಯ ಪ್ರಸಂಗವನ್ನು ಅವನ ಹೆಗಲ ಮೇಲೆ ಹೊರಿಸುವುದಿಲ್ಲ. ಅವನು ದೂತನಾಗಿಯೋ ಬ್ರಾಹ್ಮಣನಾಗಿಯೋ ಬಂದು ಹೋಗುತ್ತಾನೆ, ಪ್ರಸಂಗವನ್ನು ನಡೆಸುವುದು ಯಾರದೋ ಶಪಥ, ಯಾರದೋ ಅಗಲಿಕೆ. ಹಾಸ್ಯ ಸರಣಿಯನ್ನು ಸಿನಿಮಾ ಮಾಡುವುದೆಂದರೆ ಹಾಸ್ಯಗಾರನನ್ನೇ ಪ್ರಸಂಗದ ನಾಯಕನನ್ನಾಗಿ ನಿಲ್ಲಿಸಿ, ಅವನಿಗೂ ಒಂದು ಅಗಲಿಕೆಯನ್ನು ಕೊಡುವುದು. ಬೆಳಗಾಗುವಾಗ ಅವನು ಮತ್ತೆ ಹಾಸ್ಯಗಾರನಾಗಿಯೇ ಚೌಕಿಗೆ, ಅಂದರೆ ಬಣ್ಣದ ಮನೆಗೆ, ಮರಳುವಂತೆ ನೋಡಿಕೊಳ್ಳುವುದು. ಎರಡನೆಯದೇ ಹೆಚ್ಚು ಕಷ್ಟ, ಏಕೆಂದರೆ ವಾಹಿನಿಯಲ್ಲಿ ಸರಣಿ ಇನ್ನೂ ನಡೆಯುತ್ತಿರುತ್ತದೆ.

18 ವರ್ಷ ಏಕೆ ಎಂಬ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಇದರಲ್ಲೇ ಇದೆ. ಸಿನಿಮಾ ಮಾಡುವ ಯೋಚನೆ ಬಹಳ ಬೇಗ ಬಂದಿತ್ತು. ನಾಲ್ಕನೆಯ ವರ್ಷದ ಮೊದಲ ಕಂತಾಗಿ 1992ರ ಸೆಪ್ಟೆಂಬರ್‌ನಲ್ಲಿ ಪ್ರಸಾರವಾದ ‘ಕ್ಯಾಂಪ್ ಕ್ರಸ್ಟಿ’ಯ ಚಿತ್ರಕಥೆಯನ್ನು ಓದಿದಾಗ, ಸರಣಿಯ ನಿರ್ಮಾಪಕರಲ್ಲಿ ಒಬ್ಬರಾದ ಜೇಮ್ಸ್ ಎಲ್. ಬ್ರೂಕ್ಸ್ ಇದನ್ನೇ ಸಿನಿಮಾ ಮಾಡೋಣ ಎಂದರು. ಮಕ್ಕಳು ಬೇಸಿಗೆ ಶಿಬಿರಕ್ಕೆ ಹೋಗಿ, ಅಲ್ಲಿನ ದುರವಸ್ಥೆಗೆ ರೋಸಿ ದಂಗೆ ಏಳುವ ಕಥೆ ಅದು. ಅದನ್ನು ಸಿನಿಮಾಕ್ಕೆ ಕೊಟ್ಟರೆ ಆ ವರ್ಷದ ಸರಣಿಯನ್ನು ಆರಂಭಿಸಲು ಕಂತೇ ಇರುವುದಿಲ್ಲ ಎಂಬುದು ಒಂದು ತೊಡಕಾದರೆ, ಆ ಕಥೆ ಒಂದು ಕಂತಿಗೂ ಸಾಲದೆ ಅದರಲ್ಲಿನ ಹಾಡನ್ನು ಎಳೆದು ಉದ್ದ ಮಾಡಬೇಕಾಯಿತು ಎಂಬುದು ಇನ್ನೊಂದು. ಕಂತಿಗೇ ಸಾಲದ ಬಟ್ಟೆಯಲ್ಲಿ ಸಿನಿಮಾ ಹೊಲಿಯುವ ಮಾತು ಅಲ್ಲಿಗೆ ನಿಂತಿತು.

ಉಳಿದರ್ಧ ಕಾರಣ ಜನಬಲದ್ದು. ಸರಣಿಯ ಬರಹಗಾರರೂ ಚಿತ್ರಕಾರರೂ ವರ್ಷಕ್ಕೆ 20ಕ್ಕೂ ಹೆಚ್ಚು ಕಂತುಗಳನ್ನು ಹೊರತರುವುದರಲ್ಲೇ ಹೈರಾಣಾಗಿದ್ದರು. ಸಿನಿಮಾಕ್ಕೆಂದು ಅವರನ್ನು ಎತ್ತಿಕೊಂಡರೆ ಸರಣಿ ಸೊರಗುತ್ತದೆ ಎಂಬ ಭಯವಿತ್ತು. ಆದ್ದರಿಂದ ಸರಣಿ ಮುಗಿದ ಮೇಲೆ ಸಿನಿಮಾ ಮಾಡೋಣ ಎಂದುಕೊಂಡರು. ಸರಣಿ ಮುಗಿಯಲೇ ಇಲ್ಲ! ಜನಪ್ರಿಯತೆಯೇ ಸಿನಿಮಾಕ್ಕೆ ಅಡ್ಡಬಂದದ್ದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ತಿಳಿದಿಲ್ಲ. ವರ್ಷಗಳು ಉರುಳಿದಂತೆ ಬರಹಗಾರರ ಸಂಖ್ಯೆ ಬೆಳೆದು, ಎರಡು ಕೆಲಸಗಳನ್ನೂ ಒಟ್ಟಿಗೆ ನಡೆಸುವಷ್ಟು ಜನರಾದ ಮೇಲೆ, 2001ರಲ್ಲಿ ಧ್ವನಿ ಕಲಾವಿದರು ಸಿನಿಮಾಕ್ಕೆ ಒಪ್ಪಂದ ಮಾಡಿಕೊಂಡರು. ಕೊನೆಗೆ ತೆರೆಯ ಮೇಲೆ ಚಿತ್ರಕಥೆಗೆಂದು ಹನ್ನೊಂದು ಹೆಸರುಗಳು ಬಂದವು: ಬ್ರೂಕ್ಸ್, ಸರಣಿಯ ಸೃಷ್ಟಿಕರ್ತ ಮ್ಯಾಟ್ ಗ್ರೇನಿಂಗ್, ಅಲ್ ಜೀನ್, ಜಾರ್ಜ್ ಮೇಯರ್, ಜಾನ್ ಸ್ವಾರ್ಟ್ಸ್‌ವೆಲ್ಡರ್ ಮೊದಲಾದವರು. ಇವರಲ್ಲಿ ಹಲವರು ಸರಣಿಯ ಅತ್ಯುತ್ತಮ ಕಾಲವೆಂದು ಎಲ್ಲರೂ ಒಪ್ಪುವ 1990ರ ದಶಕದ ಕಂತುಗಳನ್ನು ಬರೆದವರು. ನಿರ್ದೇಶನಕ್ಕೆ ಬಂದವರು ಡೇವಿಡ್ ಸಿಲ್ವರ್‌ಮನ್. 1987ರ ಆ ಪುಟ್ಟ ತುಣುಕುಗಳಿಗೆ ಗೆರೆ ಎಳೆದ ಕೈ ಅವರದು. ಚಿತ್ರಕಥೆಯನ್ನು ಅವರೆಲ್ಲ ನೂರಕ್ಕೂ ಹೆಚ್ಚು ಬಾರಿ ತಿದ್ದಿ ಬರೆದರು. 2007ರ ಮೇ ತಿಂಗಳಲ್ಲಿ ಸರಣಿಯ 400ನೆಯ ಕಂತು ಪ್ರಸಾರವಾಯಿತು, ಜುಲೈ 27ರಂದು ಅಮೆರಿಕದಲ್ಲಿ ಸಿನಿಮಾ ತೆರೆಕಂಡಿತು.

ಕಥೆಯ ಬೀಜ ಸಿಕ್ಕಿದ್ದು ಒಂದು ಸುದ್ದಿಯಲ್ಲಿ. ಹಂದಿ ಸಾಕಣೆಯ ಮಲ ಕುಡಿಯುವ ನೀರಿಗೆ ಸೇರಿ ಒಂದು ಊರು ಪಡುತ್ತಿದ್ದ ಪಾಡನ್ನು ಗ್ರೇನಿಂಗ್ ಓದಿದ್ದರು. ಸಿನಿಮಾದಲ್ಲಿ ಹೋಮರ್ ಒಂದು ಹಂದಿಯನ್ನು ಕಸಾಯಿಗೆ ಹೋಗುವುದರಿಂದ ತಪ್ಪಿಸಿ ಮನೆಗೆ ತರುತ್ತಾನೆ, ಅದರ ಮಲವನ್ನು ಹಿತ್ತಲಲ್ಲಿ ಒಂದು ಕಣಜದಲ್ಲಿ ತುಂಬಿಡುತ್ತಾನೆ, ಪುಕ್ಕಟೆ ಡೋನಟ್ ಹಂಚುತ್ತಿದ್ದಾರೆ ಎಂಬ ಸುದ್ದಿ ಕೇಳಿದ ಆತುರದಲ್ಲಿ ಅದನ್ನು ಊರಿನವರು ಕಷ್ಟಪಟ್ಟು ಶುಚಿ ಮಾಡಿದ್ದ ಕೆರೆಗೆ ಸುರಿದು ಓಡುತ್ತಾನೆ. ಪರಿಸರ ಸಂರಕ್ಷಣಾ ಸಂಸ್ಥೆಯ ಮುಖ್ಯಸ್ಥ ರಸ್ ಕಾರ್ಗಿಲ್, ಕಡತ ಓದುವ ಅಭ್ಯಾಸವಿಲ್ಲದ ಅಧ್ಯಕ್ಷರ ಒಪ್ಪಿಗೆ ಪಡೆದು, ಇಡೀ ಸ್ಪ್ರಿಂಗ್‌ಫೀಲ್ಡ್ ಊರಿನ ಮೇಲೆ ಗಾಜಿನ ಗುಮ್ಮಟವೊಂದನ್ನು ಬೋರಲು ಹಾಕುತ್ತಾನೆ. ತಪ್ಪಿತಸ್ಥ ಯಾರೆಂದು ತಿಳಿದ ಊರಿನವರು ಪಂಜು ಹಿಡಿದು ಮನೆಗೆ ನುಗ್ಗುತ್ತಾರೆ, ಕುಟುಂಬ ಗುಮ್ಮಟದಿಂದ ನುಣುಚಿಕೊಂಡು ಅಲಾಸ್ಕಕ್ಕೆ ಓಡುತ್ತದೆ. ಇಲ್ಲಿಯವರೆಗೆ ನೀವು ನೋಡಿದ್ದು ದೊಡ್ಡದು ಮಾಡಿದ ಒಂದು ಕಂತು, ಅದನ್ನು ನಾನೂ ಒಪ್ಪುತ್ತೇನೆ.

ನಾನು ಹೇಳಿದ ಆ ದೃಶ್ಯ ಬರುವುದು ಅಲಾಸ್ಕದಲ್ಲಿ. ಊರನ್ನು ನಾಶ ಮಾಡಲಿದ್ದಾರೆ ಎಂದು ತಿಳಿದು ಮಾರ್ಜ್ ಹಿಂತಿರುಗಿ ಹೋಗೋಣ ಎನ್ನುತ್ತಾಳೆ, ನಮ್ಮನ್ನು ಕೊಲ್ಲಲು ಬಂದವರ ಉಸಾಬರಿ ನಮಗೇಕೆ ಎಂದು ಹೋಮರ್ ಎದ್ದು ಹೋಗುತ್ತಾನೆ. ಮರಳಿ ಬಂದಾಗ ಮನೆ ಖಾಲಿ, ಒಂದು ವಿಡಿಯೊ ಕ್ಯಾಸೆಟ್ ಮಾತ್ರ ಇದೆ. ಅದರಲ್ಲಿ ಮಾರ್ಜ್ ನಿಧಾನವಾಗಿ, ಕೂಗಾಡದೆ, ಇಷ್ಟು ವರ್ಷ ನಿನ್ನ ಜೊತೆ ಏಕೆ ಇದ್ದೆ ಎಂಬುದಕ್ಕೆ ತನಗೇ ಹೇಳಿಕೊಳ್ಳುತ್ತಿದ್ದ ಕಾರಣ ಈಗ ಉಳಿದಿಲ್ಲ ಎಂದು ಹೇಳುತ್ತಾಳೆ. ಈ ಬಾರಿ ಹಿಂದೆ ಸರಿಯಬಾರದೆಂದು, ತಮ್ಮ ಮದುವೆಯ ಕ್ಯಾಸೆಟ್ಟಿನ ಮೇಲೆಯೇ ಈ ಮಾತುಗಳನ್ನು ಮುದ್ರಿಸಿದ್ದೇನೆ ಎನ್ನುತ್ತಾಳೆ. ಅವಳ ಮಾತು ಮುಗಿದೊಡನೆ ತೆರೆಯ ಮೇಲೆ ಅಳಿಸದೆ ಉಳಿದ ಮದುವೆಯ ನೃತ್ಯದ ಕೊನೆಯ ತುಣುಕು ಕಾಣುತ್ತದೆ.

ಸರಣಿಯ ನಿಯಮ ಗೊತ್ತಿದ್ದವರಿಗೆ ಇಲ್ಲಿ ಮೈ ಜುಮ್ಮೆನ್ನಬೇಕು. ಪ್ರತಿ ವಾರ ಅಳಿಸಿ ಮತ್ತೆ ಬರೆಯುವುದೇ ಈ ಸರಣಿಯ ಸ್ವಭಾವ. ಸಿನಿಮಾದಲ್ಲಿ ಆ ಅಳಿಸುವ ಕೆಲಸವನ್ನೇ ಕಥೆಯೊಳಕ್ಕೆ ತಂದು, ಒಮ್ಮೆ ಅಳಿಸಿದ್ದು ಮತ್ತೆ ಬರುವುದಿಲ್ಲ ಎಂದು ತೋರಿಸಿದರು. ಮದುವೆ ಉಳಿಯಬಹುದು, ಕ್ಯಾಸೆಟ್ ಹೋಯಿತು. ಮಾರ್ಜ್‌ಗೆ ಧ್ವನಿ ಕೊಡುವ ಜೂಲಿ ಕಾವ್ನರ್ ಅವರಿಂದ ಬ್ರೂಕ್ಸ್ ಈ ಸಂದೇಶವನ್ನು ನೂರಕ್ಕೂ ಹೆಚ್ಚು ಬಾರಿ ಹೇಳಿಸಿದರು. ದಣಿದು, ನಟನೆಯೆಲ್ಲ ಕಳಚಿಹೋದ ಆ ಕಂಠದಲ್ಲಿ ಹಾಸ್ಯ ಸರಣಿಯ ಕಿರುಗುಟ್ಟುವ ಮಾರ್ಜ್ ಇಲ್ಲ. ವಾರಕ್ಕೊಂದು ಕಂತು ಕೊಡಬೇಕಾದ ಟಿ.ವಿ.ಯಲ್ಲಿ ಒಂದು ಸಂಭಾಷಣೆಗೆ ನೂರು ಬಾರಿ ಧ್ವನಿಮುದ್ರಣ ಮಾಡುವ ವ್ಯವಧಾನ ಯಾರಿಗೂ ಇರುವುದಿಲ್ಲ. ಸಿನಿಮಾಕ್ಕೆ ಸಿಕ್ಕ ಹೆಚ್ಚುವರಿ ಹಣ ಗುಮ್ಮಟದಲ್ಲಿ ಕಾಣುತ್ತದೆ, ಹೆಚ್ಚುವರಿ ಸಮಯ ಇಲ್ಲಿ ಕೇಳಿಸುತ್ತದೆ. ನಿಮ್ಮ ಮಗಳಿಗೆ ಕಾಣದೆ ನಿಮಗೆ ಕಂಡದ್ದು ಬಹುಶಃ ಇದೇ. ಕಾಲೇಜು ದಿನಗಳಿಂದ ಆ ದಂಪತಿ ಎಷ್ಟು ಸಲ ರಾಜಿಯಾದರು ಎಂಬ ಲೆಕ್ಕ ನಿಮ್ಮ ಮನಸ್ಸಿನ ಹಿಂದೆಲ್ಲೋ ಇತ್ತು, ಅವಳಿಗೆ ಆ ಲೆಕ್ಕವಿಲ್ಲ.

ಬಾರ್ಟ್‌ನ ಉಪಕಥೆಯೂ ಇದೇ ಜಾಡಿನದು. ತಂದೆಯ ಸವಾಲಿಗೆ ಕಟ್ಟುಬಿದ್ದು ಬೆತ್ತಲೆಯಾಗಿ ಸ್ಕೇಟ್‌ಬೋರ್ಡ್ ಓಡಿಸಿ ಪೊಲೀಸರ ಕೈಗೆ ಸಿಕ್ಕ ಮಗನ ಪರವಾಗಿ ಹೋಮರ್ ಬಾಯಿ ಬಿಡುವುದಿಲ್ಲ. ಪಕ್ಕದ ಮನೆಯ ದೈವಭಕ್ತ ನೆಡ್ ಫ್ಲ್ಯಾಂಡರ್ಸ್ ಹುಡುಗನಿಗೆ ಪ್ಯಾಂಟು ಕೊಡುತ್ತಾನೆ, ಬಿಸಿ ಕೋಕೋ ಕಾಸಿ ಕೊಡುತ್ತಾನೆ. ಇಂಥ ತಂದೆ ನನಗಿದ್ದಿದ್ದರೆ ಎಂದು ಹುಡುಗನಿಗೆ ಅನ್ನಿಸುವುದನ್ನು ಚಿತ್ರ ಗಂಭೀರವಾಗಿಯೇ ತೆಗೆದುಕೊಳ್ಳುತ್ತದೆ. ಲೀಸಾಗೆ ಸಿಕ್ಕ ಐರಿಷ್ ಹುಡುಗನ ಪ್ರಸಂಗ ಮಾತ್ರ ತೇಲಿಹೋಗುತ್ತದೆ.

ಇನ್ನು ಚಿತ್ರದ ರೂಪಕ್ಕೆ ಬರೋಣ. ಆಗಿನ ಸರಣಿ ಹಳೆಯ ಟಿ.ವಿ. ಪೆಟ್ಟಿಗೆಯ ಆಕಾರದಲ್ಲಿ, ಅಂದರೆ 4:3 ಚೌಕಟ್ಟಿನಲ್ಲಿ ಬರುತ್ತಿತ್ತು. ಸೋಫಾದ ಮೇಲೆ ಐದು ಜನ ಕೂತರೆ ಆ ಚೌಕಟ್ಟು ತುಂಬುತ್ತದೆ. ಇಡೀ ಸರಣಿಯ ದೃಶ್ಯ ಸಂಯೋಜನೆಯೇ ಆ ಸೋಫಾದ ಅಳತೆಯದು. ಸಿನಿಮಾಕ್ಕೆ ಸಿಲ್ವರ್‌ಮನ್ ಆರಿಸಿಕೊಂಡದ್ದು ಅಗಲವಾದ 2.39:1 ಚೌಕಟ್ಟು. ಈಗ ಅದೇ ಐವರನ್ನು ನಿಲ್ಲಿಸಿದರೆ ಎರಡೂ ಪಕ್ಕದಲ್ಲಿ ಜಾಗ ಭಣಗುಟ್ಟುತ್ತದೆ. ಆ ಜಾಗವನ್ನು ಅವರು ಊರಿನಿಂದ ತುಂಬಿದರು. ಪಂಜು ಹಿಡಿದು ಬರುವ ಜನಜಂಗುಳಿಯ ದೃಶ್ಯದಲ್ಲಿ ಹದಿನೆಂಟು ವರ್ಷಗಳಲ್ಲಿ ಬಂದುಹೋದ ಚಿಕ್ಕಪುಟ್ಟ ಪಾತ್ರಗಳೆಲ್ಲ ಸಾಲಾಗಿ ನಿಂತಿದ್ದಾರೆ. ಇಡೀ ಚಿತ್ರದಲ್ಲಿ 300ಕ್ಕೂ ಹೆಚ್ಚು ಪಾತ್ರಗಳು ಕಾಣಿಸಿಕೊಳ್ಳುತ್ತವೆ. ಊರೇ ಪಾತ್ರವಾಗುವುದಕ್ಕೆ ಚೌಕಟ್ಟಿನ ಅಗಲವೂ ಒಂದು ಕಾರಣ ಎಂದು ನಾನು ವಿದ್ಯಾರ್ಥಿಗಳಿಗೆ ಹೇಳುವುದುಂಟು. ಟಿ.ವಿ.ಯಲ್ಲಿ ಚಪ್ಪಟೆಯಾಗಿದ್ದ ಹಳದಿ ಮೈಗಳ ಮೇಲೆ ಇಲ್ಲಿ ನೆರಳು ಬಿದ್ದಿದೆ, ಸಂಜೆಯ ಬಣ್ಣಕ್ಕೂ ಮಧ್ಯಾಹ್ನದ ಬಣ್ಣಕ್ಕೂ ವ್ಯತ್ಯಾಸ ಬಂದಿದೆ. ಗುಮ್ಮಟ, ವಾಹನಗಳಂಥ ಕಡೆ ಗಣಕದ ಮೂರು ಆಯಾಮದ ಕೆಲಸವನ್ನು ಬಳಸಿದರೂ ಮುಖಗಳನ್ನು ಕೈಯಿಂದ ಎಳೆದ ಗೆರೆಗಳಲ್ಲೇ ಉಳಿಸಿಕೊಂಡರು. ಎಲ್ಲ ಸ್ಟುಡಿಯೊಗಳೂ ಮೂರು ಆಯಾಮದತ್ತ ಓಡುತ್ತಿದ್ದ ಆ ವರ್ಷ ಅದು ಹಠವೇ ಸರಿ. ಅದೇ ಬೇಸಿಗೆಯಲ್ಲಿ ಬಂದ ಪಿಕ್ಸಾರ್‌ನ ‘ರಾಟಟೂಯಿ’ಗೆ 15 ಕೋಟಿ ಡಾಲರ್ ಖರ್ಚಾಗಿದ್ದರೆ, ಇದಕ್ಕೆ ಅದರ ಅರ್ಧ, 7.5 ಕೋಟಿ. ಜಗತ್ತಿನಾದ್ಯಂತ ಗಳಿಸಿದ್ದು 53 ಕೋಟಿಗೂ ಹೆಚ್ಚು.

ಖರ್ಚು ಕಡಿಮೆಯಾದದ್ದರ ಹಿಂದೆ ಸೋಲ್ ನಗರದ ಚಿತ್ರಕಾರರಿದ್ದಾರೆ. ಸರಣಿಯಂತೆ ಸಿನಿಮಾದಲ್ಲೂ ದೃಶ್ಯಫಲಕ, ಪಾತ್ರವಿನ್ಯಾಸ, ಮುಖ್ಯ ಭಂಗಿಗಳು ಅಮೆರಿಕದಲ್ಲಿ, ನಡುವಿನ ಸಾವಿರಾರು ಚಿತ್ರಗಳು ಕೊರಿಯಾದಲ್ಲಿ. ಈ ಏರ್ಪಾಡು ಮೊದಲು ಸುಗಮವಾಗಿರಲಿಲ್ಲ. 1989ರಲ್ಲಿ ಕೊರಿಯಾದಿಂದ ಬಂದ ಮೊತ್ತಮೊದಲ ಕಂತು ಎಷ್ಟು ಕೆಟ್ಟದಾಗಿತ್ತೆಂದರೆ, ಅದರ ಬಹುಪಾಲನ್ನು ಮತ್ತೆ ಮಾಡಿಸಿ, ಮೊದಲ ಕಂತಾಗಬೇಕಾಗಿದ್ದನ್ನು 1990ರ ಮೇ ತಿಂಗಳಲ್ಲಿ ಸರಣಿಯ ಮೊದಲ ವರ್ಷದ ಕಡೆಯ ಕಂತಾಗಿ ಪ್ರಸಾರ ಮಾಡಿದರು. ಬೆಂಗಳೂರಿನ ಸ್ಟುಡಿಯೊಗಳಲ್ಲಿ ಹೊರದೇಶದ ಸರಣಿಗಳಿಗೆ ಕೆಲಸ ಮಾಡಿದವರು ಈ ಕಥೆ ಕೇಳಿದರೆ ಮುಗುಳ್ನಗುತ್ತಾರೆ. ಅಲ್ಲಿಂದ ಬಂದ ಟಿಪ್ಪಣಿಯನ್ನು ಇಲ್ಲಿ ಅರ್ಥ ಮಾಡಿಕೊಳ್ಳುವ ಹೊತ್ತಿಗೆ ನಗೆಯ ಕ್ಷಣ ಎರಡು ಫ್ರೇಮ್, ಅಂದರೆ ಕ್ಷಣಾರ್ಧ, ಆಚೆಗೆ ಸರಿದಿರುತ್ತದೆ, ಅಷ್ಟು ಸರಿದರೆ ನಗೆ ಸತ್ತಂತೆಯೇ.

ನಗೆಯ ಸಮಯ ಎಂದಾಗ ಸಾಮಾನ್ಯವಾಗಿ ಯಾರೂ ಗಮನಿಸದ ಒಂದು ಸಂಗತಿಯನ್ನು ಹೇಳಬೇಕು. ‘ದ ಸಿಂಪ್ಸನ್ಸ್’ ಸರಣಿಯಲ್ಲಿ ಹಿನ್ನೆಲೆಯ ನಗುವಿನ ಧ್ವನಿ ಇಲ್ಲ. ಮನೆಯಲ್ಲಿ ಒಬ್ಬರೋ ಇಬ್ಬರೋ ನೋಡುತ್ತಾರೆಂಬ ನಂಬಿಕೆಯಿಂದ ಒಂದು ಚಟಾಕಿಯ ಬೆನ್ನಿಗೆ ಇನ್ನೊಂದನ್ನು ಹತ್ತಿಸಿಬಿಡುತ್ತಾರೆ. ಚಿತ್ರಮಂದಿರದಲ್ಲಿ ನಾನೂರು ಜನ ಒಟ್ಟಿಗೆ ನಕ್ಕರೆ ಮುಂದಿನ ಎರಡು ಮಾತು ಮುಳುಗಿಹೋಗುತ್ತವೆ. ಆದ್ದರಿಂದ ದೊಡ್ಡ ನಗೆಯ ನಂತರ ಉಸಿರಾಡಲು ಜಾಗ ಬಿಡಬೇಕು, ಆ ಜಾಗ ಖಾಲಿ ಎನ್ನಿಸದಂತೆ ಕಣ್ಣಿಗೆ ಏನಾದರೂ ಕೊಡಬೇಕು. ಗುಮ್ಮಟ ಇಳಿಯುವಾಗಿನ ದೃಶ್ಯವನ್ನು ಮತ್ತೆ ನೋಡಿ: ಪಕ್ಕಪಕ್ಕದಲ್ಲಿ ಚರ್ಚು ಮತ್ತು ಮೋ ಎಂಬವನ ಬಾರು, ಪ್ರಳಯ ಬಂತೆಂದು ಚರ್ಚಿನಲ್ಲಿದ್ದವರೆಲ್ಲ ಬಾರಿಗೆ ಓಡುತ್ತಾರೆ, ಬಾರಿನಲ್ಲಿದ್ದವರೆಲ್ಲ ಚರ್ಚಿಗೆ ಓಡುತ್ತಾರೆ. ಒಂದೇ ಒಂದು ಮಾತಿಲ್ಲ. ಎರಡೂ ಕಟ್ಟಡಗಳನ್ನು ಒಂದೇ ಚೌಕಟ್ಟಿನಲ್ಲಿ ಆರಾಮವಾಗಿ ಹಿಡಿಯುವ ಅಗಲ ಇಲ್ಲದಿದ್ದರೆ, ಎಷ್ಟು ಜೋರಾಗಿ ನಕ್ಕರೂ ಏನೂ ತಪ್ಪಿಹೋಗದ ಮೌನ ಇಲ್ಲದಿದ್ದರೆ ಈ ನಗೆ ಹುಟ್ಟುತ್ತಿರಲಿಲ್ಲ. ಇದು ಟಿ.ವಿ. ಕಂತಿನ ಚಟಾಕಿಯಲ್ಲ, ಮೂಕಿ ಚಿತ್ರಗಳ ಕಾಲದಿಂದ ಬಂದ ಸಿನಿಮಾದ ಚಟಾಕಿ.

ಬೇರೆ ಸರಣಿಗಳು ಬೇರೆ ದಾರಿ ಹಿಡಿದವು. ‘ಸೌತ್ ಪಾರ್ಕ್’ 1997ರಲ್ಲಿ ಆರಂಭವಾಗಿ ಎರಡೇ ವರ್ಷದಲ್ಲಿ, 1999ರಲ್ಲಿ, ಸಿನಿಮಾ ಆಯಿತು. ಟಿ.ವಿ.ಯಲ್ಲಿ ಮುಚ್ಚಬೇಕಾಗಿದ್ದ ಬೈಗುಳಗಳನ್ನೆಲ್ಲ ಬಿಚ್ಚಿಹಾಕಿ, ಸಿನಿಮಾದಲ್ಲಿ ಬೈಗುಳ ಕೇಳಿದ ಮಕ್ಕಳು ಕೆಟ್ಟರೆಂದು ಎರಡು ದೇಶಗಳು ಯುದ್ಧಕ್ಕೆ ಹೋಗುವುದನ್ನೇ ಕಥೆಯಾಗಿ ಮಾಡಿ, ಅದನ್ನು ಆಡಂಬರದ ಗೀತನಾಟಕವನ್ನಾಗಿ ಹೊಲಿದರು. ಅದರ ಒಂದು ಹಾಡು ಆಸ್ಕರ್ ಪ್ರಶಸ್ತಿಗೆ ನಾಮನಿರ್ದೇಶನಗೊಂಡಿತು. ಕಟ್ಟುನಿಟ್ಟಾಗಿ ನೋಡಿದರೆ ಸಿನಿಮಾ ಎಂಬ ಮಾಧ್ಯಮವನ್ನು ಬಳಸಿಕೊಂಡ ಬಗೆಯಲ್ಲಿ ಅದೇ ಹೆಚ್ಚು ಧೈರ್ಯದ ಚಿತ್ರ. ಜಪಾನಿನ ‘ಡೋರೆಮಾನ್’ ಇನ್ನೊಂದು ತುದಿ. 1979ರಲ್ಲಿ ಆರಂಭವಾದ ಆ ಸರಣಿಯ ಮೊದಲ ಚಿತ್ರ 1980ರಲ್ಲೇ ಬಂತು, ಅಂದಿನಿಂದ ಬಹುತೇಕ ಪ್ರತಿ ವರ್ಷವೂ ಒಂದು ಬರುತ್ತಿದೆ. ಟಿ.ವಿ.ಯಲ್ಲಿ ಓಣಿಯ ಪುಂಡನಾಗಿರುವ ಜಿಯಾನ್ ಸಿನಿಮಾದಲ್ಲಿ ಗೆಳೆಯರಿಗಾಗಿ ಪ್ರಾಣ ಒತ್ತೆ ಇಡುತ್ತಾನೆ ಎಂಬುದು ನಮ್ಮ ಮಕ್ಕಳಿಗೂ ಗೊತ್ತಿರುವ ವಿಷಯ. ಅಲ್ಲಿ ಸಿನಿಮಾ ಎಂದರೆ ಬೇಸಿಗೆ ರಜೆ ಇದ್ದಂತೆ, ರಜೆಯಲ್ಲಿ ಎಲ್ಲರೂ ಸ್ವಲ್ಪ ಒಳ್ಳೆಯವರಾಗುತ್ತಾರೆ, ಶಾಲೆ ಆರಂಭವಾದರೆ ಮತ್ತೆ ಅದೇ ಪಾಡು. ಆನಿಮೇಷನ್ ಅಲ್ಲದಿದ್ದರೂ ಬ್ರಿಟನ್ನಿನ ದಾರಿಯನ್ನು ಬಿಡುವಂತಿಲ್ಲ: 1970ರ ದಶಕದಲ್ಲಿ ಅಲ್ಲಿ ಟಿ.ವಿ. ಹಾಸ್ಯ ಧಾರಾವಾಹಿಗಳನ್ನು ಸಾಲುಸಾಲಾಗಿ ಸಿನಿಮಾ ಮಾಡಿದರು. ‘ಆರ್ ಯೂ ಬೀಯಿಂಗ್ ಸರ್ವ್‌ಡ್?’ ಧಾರಾವಾಹಿಯ 1977ರ ಚಿತ್ರದಲ್ಲಿ ಅಂಗಡಿಯ ಸಿಬ್ಬಂದಿಯನ್ನೆಲ್ಲ ಸ್ಪೇನಿನ ವಿಹಾರಧಾಮಕ್ಕೆ ಸಾಗಹಾಕಿದರು. ಟಿ.ಆರ್.ಪಿ. ಇಳಿದಾಗ ನಮ್ಮ ಧಾರಾವಾಹಿಗಳು ಇಡೀ ಕೂಡುಕುಟುಂಬವನ್ನು ರೆಸಾರ್ಟಿಗೆ ಕಳುಹಿಸುವುದನ್ನು ನೋಡಿದವರಿಗೆ ಈ ಉಪಾಯದ ಮರ್ಮ ತಿಳಿಯುತ್ತದೆ. ಸಿಂಪ್ಸನ್ ಕುಟುಂಬದ ಅಲಾಸ್ಕ ಪ್ರವಾಸದಲ್ಲೂ ಇದರ ವಾಸನೆ ಇದೆ. ಆ ಕ್ಯಾಸೆಟ್ ಇಲ್ಲದಿದ್ದರೆ ಅದು ಬರೀ ರೆಸಾರ್ಟ್ ಆಗಿಬಿಡುತ್ತಿತ್ತು.

ಹಾಗಾದರೆ ನಿಮ್ಮ ಮಗಳು ಎಲ್ಲಿ ಸರಿ? ಕ್ಯಾಸೆಟ್ ಆದ ಮೇಲಿನ ಭಾಗದಲ್ಲಿ ಅವಳು ಬಹಳಷ್ಟು ಸರಿ. ಇಷ್ಟು ದೊಡ್ಡ ಗಾಯ ಮಾಡಿದವರು ಅದಕ್ಕೆ ತಕ್ಕ ಮದ್ದು ಹುಡುಕಲಿಲ್ಲ. ಇನ್ಯುಯಿಟ್ ಜನಾಂಗದ ಒಬ್ಬ ಮಾಂತ್ರಿಕ ಮಹಿಳೆ ಹೋಮರ್‌ಗೆ ದರ್ಶನ ಮಾಡಿಸುತ್ತಾಳೆ, ಇತರರಿಲ್ಲದೆ ತಾನಿಲ್ಲ ಎಂದು ಅವನಿಗೆ ಹೊಳೆಯುತ್ತದೆ. ಆದಿವಾಸಿಗಳ ಗುಟ್ಟಿನ ಜ್ಞಾನದಿಂದ ಬಿಳಿಯನ ಸಂಕಟ ಪರಿಹಾರವಾಗುವ ಸವೆದ ಉಪಾಯವನ್ನು ಗೇಲಿ ಮಾಡುತ್ತಲೇ ಅದನ್ನೇ ಬಳಸಿಕೊಂಡರು. ಹೋಮರ್ ಮತ್ತು ಬಾರ್ಟ್ ಮೋಟಾರ್ ಸೈಕಲ್ಲಿನಲ್ಲಿ ಗುಮ್ಮಟದ ಒಳಮೈ ಹತ್ತಿ ಬಾಂಬನ್ನು ಹೊರಗೆಸೆಯುವುದು ಕಣ್ಣಿಗೆ ಸೊಗಸು, ಆದರೆ ಮಾರ್ಜ್ ಕೇಳಿದ್ದು ಸಾಹಸವನ್ನಲ್ಲ. ಕೊನೆಯಲ್ಲಿ ಇಡೀ ಊರು ಸೇರಿ ಅವರ ಮನೆಯನ್ನು ಮತ್ತೆ ಕಟ್ಟುತ್ತದೆ. ಅದೇ ಸೆಪ್ಟೆಂಬರ್‌ನಲ್ಲಿ ಸರಣಿಯ 19ನೆಯ ವರ್ಷ ಆರಂಭವಾದಾಗ ಮೊದಲ ಕಂತಿನ ಶೀರ್ಷಿಕೆ ದೃಶ್ಯದಲ್ಲಿ ಒಡೆದ ಗುಮ್ಮಟದ ಚೂರುಗಳು, ರಿಪೇರಿಯಾಗುತ್ತಿರುವ ಊರು ಕಾಣಿಸುತ್ತವೆ. ಅದರ ಮರುವಾರದಿಂದ ಸಿನಿಮಾ ನಡೆದೇ ಇಲ್ಲವೇನೋ ಎಂಬಂತೆ ಸರಣಿ ಮುಂದುವರಿಯುತ್ತದೆ. ಹಾಸ್ಯಗಾರ ಚೌಕಿಗೆ ಮರಳಿದ್ದಾಯಿತು. ಇದನ್ನು ಸೋಲೆನ್ನಲು ನನಗೆ ಮನಸ್ಸಿಲ್ಲ, ಆದರೆ ಸಾಲ ತೀರಿಸದೆ ಎದ್ದುಹೋದಂತೆ ಅನ್ನಿಸುವುದು ನಿಜ.

ಬಿಡುಗಡೆಯ ಸಮಯದ ಅಬ್ಬರದ ಬಗ್ಗೆ ಒಂದೆರಡು ಮಾತು ಸಾಕು. ಅಮೆರಿಕದಲ್ಲಿ ಸ್ಪ್ರಿಂಗ್‌ಫೀಲ್ಡ್ ಎಂಬ ಹೆಸರಿನ ಊರುಗಳು ಹತ್ತಾರಿವೆ. ಅವುಗಳ ನಡುವೆ ಸ್ಪರ್ಧೆ ಇಟ್ಟು, ಗೆದ್ದ ವರ್ಮಾಂಟ್ ರಾಜ್ಯದ ಪುಟ್ಟ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಜುಲೈ 21ರಂದು ಮೊದಲ ಪ್ರದರ್ಶನ ನಡೆಸಿದರು. ಸೆವೆನ್-ಇಲೆವೆನ್ ಕಂಪನಿಯ ಹನ್ನೆರಡು ಅಂಗಡಿಗಳಿಗೆ ಒಂದು ತಿಂಗಳು ಸರಣಿಯ ಕ್ವಿಕ್-ಇ-ಮಾರ್ಟ್ ಅಂಗಡಿಯ ವೇಷ ಹಾಕಿದರು. ಭಾರತೀಯರಾದ ನಮಗೆ ಆ ಅಂಗಡಿ ಎಂದರೆ ಅದರ ಗಲ್ಲಾದಲ್ಲಿ ಕೂತ ಅಪು ನೆನಪಾಗುತ್ತಾನೆ. ಸತ್ಯಜಿತ್ ರಾಯ್ ಅವರ ಚಿತ್ರತ್ರಯದ ನಾಯಕನ ಹೆಸರು ಹೊತ್ತ ಅವನಿಗೆ ಭಾರತೀಯನಲ್ಲದ ಹ್ಯಾಂಕ್ ಅಜೇರಿಯ ಕೊಟ್ಟ ಉಚ್ಚಾರಣೆ ಅಮೆರಿಕದಲ್ಲಿ ಬೆಳೆದ ನಮ್ಮ ಮಕ್ಕಳಿಗೆ ಶಾಲೆಯಲ್ಲಿ ಕೇಳಬೇಕಾದ ಗೇಲಿಯಾಯಿತು ಎಂದು ಹಾಸ್ಯಗಾರ ಹರಿ ಕೊಂಡಬೋಲು 2017ರಲ್ಲಿ ಒಂದು ಸಾಕ್ಷ್ಯಚಿತ್ರವನ್ನೇ ಮಾಡಿದರು. 2020ರಲ್ಲಿ ಅಜೇರಿಯ ಆ ಪಾತ್ರಕ್ಕೆ ಧ್ವನಿ ಕೊಡುವುದನ್ನು ಬಿಟ್ಟರು.

ಎರಡನೆಯ ಚಿತ್ರವನ್ನು 2027ರಲ್ಲಿ ತೆರೆಗೆ ತರುವುದಾಗಿ 2025ರಲ್ಲಿ ಪ್ರಕಟಿಸಿದ್ದಾರೆ. ಈ ನಡುವೆ ಆಗಿರುವ ಬದಲಾವಣೆಗಳು ಕಡಿಮೆಯೇನಲ್ಲ. ಫಾಕ್ಸ್ ಸ್ಟುಡಿಯೊ 2019ರಲ್ಲಿ ಡಿಸ್ನಿಯ ತೆಕ್ಕೆಗೆ ಹೋಯಿತು, ಸರಣಿ 2009ರಿಂದಲೇ ಅಗಲ ಚೌಕಟ್ಟಿಗೆ ಬಂದಿದೆ, ಕಂತುಗಳ ಸಂಖ್ಯೆ 750 ದಾಟಿ ಮುಂದೆ ಹೋಗಿದೆ. ಅಂದರೆ 2007ರ ಚಿತ್ರಕ್ಕೆ ಪುಕ್ಕಟೆಯಾಗಿ ಸಿಕ್ಕಿದ್ದ ಅಗಲದ ಬೆರಗು, ನೆರಳಿನ ಬೆರಗು ಈಗ ಉಳಿದಿಲ್ಲ. ಇಂದಿನ ಮನೆಯ ಟಿ.ವಿ.ಯಲ್ಲೇ ಅದೆಲ್ಲ ಇದೆ. ಊರಿಗೇ ಆಪತ್ತು ತರುವ ಕಥೆಯನ್ನೂ ಒಮ್ಮೆ ಬಳಸಿಯಾಗಿದೆ, ಮತ್ತೆ ದೊಡ್ಡ ಗುಮ್ಮಟ ಹುಡುಕಿದರೆ ಅದು ಎಂಟು ಕಂತುಗಳ ಹೊಲಿಗೆಯಂತೆ ಕಾಣುತ್ತದೆ. ಅವರ ಬಳಿ ಈಗ ಇರುವ ಹೊಸ ವಸ್ತು ಒಂದೇ, ವಯಸ್ಸು. ಪಾತ್ರಗಳಿಗೆ ವಯಸ್ಸಾಗಿಲ್ಲ, ಕಂಠಗಳಿಗೆ ಆಗಿದೆ. ಕಾವ್ನರ್ ಅವರ ಮಾರ್ಜ್ ಈಗ ಮೊದಲಿಗಿಂತ ಬಹಳ ಒರಟಾಗಿ ಕೇಳಿಸುತ್ತಾಳೆ. ಬಾರ್ಟ್‌ನ ಗೆಳೆಯ ಮಿಲ್‌ಹೌಸ್‌ನ ಧ್ವನಿಯಾಗಿದ್ದ ಪಮೇಲಾ ಹೇಡನ್ 2024ರಲ್ಲಿ ನಿವೃತ್ತರಾದರು. ಶಿಕ್ಷಕಿ ಕ್ರಬಾಪಲ್‌ಗೆ ಧ್ವನಿ ಕೊಡುತ್ತಿದ್ದ ಮಾರ್ಸಿಯ ವ್ಯಾಲೇಸ್ 2013ರಲ್ಲಿ ತೀರಿಕೊಂಡಾಗ ಆ ಪಾತ್ರವನ್ನೂ ಸರಣಿಯಿಂದ ಬೀಳ್ಕೊಟ್ಟರು. ಪೂರ್ವಸ್ಥಿತಿಗೆ ಮರಳುವ ನಿಯಮ ಅಲ್ಲಿ ನಡೆಯಲಿಲ್ಲ. ಹತ್ತು ವರ್ಷದ ಹುಡುಗನಾಗಿಯೇ ಉಳಿದ ಬಾರ್ಟ್‌ನ ಸುತ್ತ ಅವನನ್ನು ಸೃಷ್ಟಿಸಿದವರು ಒಬ್ಬೊಬ್ಬರಾಗಿ ಮರೆಯಾಗುತ್ತಿರುವುದನ್ನು ಈ ತಂಡ ನೇರವಾಗಿ ನೋಡಿದರೆ ಒಳ್ಳೆಯ ಚಿತ್ರ ಬರಬಹುದು. ನೋಡುತ್ತಾರೆಂಬ ಭರವಸೆ ನನಗೆ ಅರ್ಧದಷ್ಟು ಮಾತ್ರ ಇದೆ.

ಅಷ್ಟರೊಳಗೆ ಒಂದು ಸಂಜೆ ನೀವಿಬ್ಬರೂ ‘ಕ್ಯಾಂಪ್ ಕ್ರಸ್ಟಿ’ ಕಂತನ್ನು ನೋಡಿ. ಸಿನಿಮಾ ಆಗಬೇಕಾಗಿದ್ದು ಇದೇ ಎಂಬುದನ್ನು ಮೊದಲೇ ಹೇಳಬೇಡಿ. ಮುಗಿದ ಮೇಲೆ, ಇದನ್ನು 87 ನಿಮಿಷಕ್ಕೆ ಎಳೆಯಬೇಕಾದರೆ ಹೊಸದಾಗಿ ಏನನ್ನು ಸೇರಿಸಬೇಕು ಎಂದು ಮಗಳನ್ನು ಕೇಳಿ. ಇನ್ನಷ್ಟು ಮಕ್ಕಳು, ಇನ್ನೂ ದೊಡ್ಡ ದಂಗೆ ಎಂದು ಅವಳು ಹೇಳಿದರೆ ಅವಳ ಆಕ್ಷೇಪಣೆಗೆ ಅವಳೇ ಸಿಕ್ಕಿಬಿದ್ದಂತೆ. ಯಾರೋ ಒಬ್ಬರು ಮನೆಗೆ ಮರಳದೆ ಇರಬೇಕು ಎಂದರೆ, ಆ ಕ್ಯಾಸೆಟ್ಟಿನ ದೃಶ್ಯವನ್ನು ಇನ್ನೊಮ್ಮೆ ಹಾಕಿ ತೋರಿಸಿ.